ಅರ್ಧ ಕಾರು ಕಾರ್ಖಾನೆಯದು, ಇನ್ನರ್ಧ ಅಂಗಡಿಯದು

ಹೊಸ ಕಾರು ಕೊಂಡವರು ಷೋರೂಮಿನಿಂದ ನೇರವಾಗಿ ಮನೆಗೆ ಹೋಗುವುದು ಅಪರೂಪ. ದೇವಸ್ಥಾನದ ಮುಂದೆ ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿದ ಬಳಿಕ ಮುಂದಿನ ನಿಲುಗಡೆ ಬಿಡಿ ಸಾಮಾನುಗಳ ಅಂಗಡಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ. ಸೀಟಿಗೆ ಹೊದಿಕೆ, ಕಾಲಡಿಗೆ ಮ್ಯಾಟು, ಸ್ಟೀರಿಂಗಿಗೊಂದು ಕವಚ, ಹಾರ್ನು ಸ್ವಲ್ಪ ಗಡುಸಾಗಿರಲಿ ಎಂಬ ಒತ್ತಾಯ ಬೇರೆ. ಲಕ್ಷಗಟ್ಟಲೆ ಹಣ ತೆತ್ತು ತಂದ ವಾಹನ ತಮ್ಮದಾಯಿತು ಎಂದು ಮನೆಮಂದಿಗೆ ಅನ್ನಿಸುವುದು ಈ ಅಂಗಡಿಯಿಂದ ಹೊರಬಿದ್ದ ಮೇಲೆಯೇ. ಇದೆಲ್ಲ ಬರೀ ಷೋಕಿ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಕಾರಿಗೆ ಹೊರಗಿನ ಸಾಮಾನು ಜೋಡಿಸುವ ಈ ರೂಢಿ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದದ್ದು ಷೋಕಿಯಿಂದಲ್ಲ, ತೀರದ ಕೊರತೆಯಿಂದ. ಅದು ನಡೆದದ್ದು ನೂರು ವರ್ಷಗಳಿಗೂ ಹಿಂದೆ, ಅಮೆರಿಕದ ಕೆಸರು ರಸ್ತೆಗಳಲ್ಲಿ. ಆ ಕೊರತೆಯ ಕಾರಿನ ಹೆಸರು ಫೋರ್ಡ್ ಮಾಡೆಲ್ ಟಿ.

ಹೆನ್ರಿ ಫೋರ್ಡ್ ಈ ಕಾರನ್ನು ಡೆಟ್ರಾಯಿಟ್‌ನಲ್ಲಿ ಬಿಡುಗಡೆ ಮಾಡಿದ್ದು 1908ರ ಅಕ್ಟೋಬರಿನಲ್ಲಿ. ಎಂಜಿನ್ನಿನ ಶಕ್ತಿ 20 ಅಶ್ವಶಕ್ತಿ. ಐದು ಮಂದಿ ಕೂರುವ ಟೂರಿಂಗ್ ಕಾರಿನ ಬೆಲೆ 850 ಡಾಲರ್. ಹಗುರವಾದ ಗಟ್ಟಿ ಉಕ್ಕು, ನೆಲದಿಂದ ಎತ್ತರದಲ್ಲಿ ನಿಂತ ಒಡಲು. ಗಾಡಿಯ ಜಾಡಿನಲ್ಲೂ ಹೊಟ್ಟೆ ತಗುಲದೆ ಸಾಗುವ ಗುಣ. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆಯ ಕೆಲಸ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯಿತು. 1925ರ ಸುಮಾರಿಗೆ ಅದೇ ಟೂರಿಂಗ್ ಕಾರು 290 ಡಾಲರಿಗೆ ಸಿಗುತ್ತಿತ್ತು.

ಬೆಲೆ ಹೀಗೆ ಇಳಿಯಬೇಕಾದರೆ ಕಾರು ಬದಲಾಗಕೂಡದು ಎಂಬುದು ಫೋರ್ಡನ ಹಟ. 1914ರಿಂದ 1925ರವರೆಗೆ ಕಪ್ಪು ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ. ಬಣ್ಣದ ಮಾತು ಹಾಗಿರಲಿ, ಆ ಕಾರಿನಲ್ಲಿ ಏನೇನು ಇರಲಿಲ್ಲ ಎಂಬ ಪಟ್ಟಿ ಇಂದಿನವರಿಗೆ ನಗು ತರಿಸೀತು. ಆರಂಭದ ಕಾರುಗಳಲ್ಲಿ ಮುಂಗಾಜಿಗೂ ಮೇಲಿನ ಮುಸುಕಿಗೂ ಬೇರೆ ಹಣ ಕೊಡಬೇಕಿತ್ತು. ವೇಗಮಾಪಕ ಕೆಲವು ವರ್ಷ ಇದ್ದು ಆಮೇಲೆ ಮಾಯವಾಯಿತು. ಎಂಜಿನ್ನಿನ ನೀರು ಕುದಿಯುತ್ತಿದೆಯೇ ಎಂದು ತಿಳಿಸುವ ಮಾಪಕವಿಲ್ಲ. ನೀರನ್ನು ತಳ್ಳುವ ಪಂಪೂ ಇಲ್ಲ. ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿದೆ ಎಂದು ತಿಳಿಯಬೇಕಾದರೆ ಎಲ್ಲರನ್ನೂ ಕೆಳಗಿಳಿಸಿ, ಮುಂದಿನ ಸೀಟಿನ ಮೆತ್ತೆ ಎತ್ತಿ, ಒಂದು ಕೋಲು ಅದ್ದಿ ನೋಡಬೇಕು. ಪೆಟ್ರೋಲು ತನ್ನ ಭಾರದಿಂದಲೇ ಎಂಜಿನ್ನಿಗೆ ಹರಿಯುತ್ತಿದ್ದುದರಿಂದ, ಟ್ಯಾಂಕು ಬರಿದಾಗುತ್ತ ಬಂದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತುವುದು ಸಾಮಾನ್ಯ ನೋಟವಾಗಿತ್ತು. ಗುಡ್ಡಗಾಡಿನಲ್ಲಿ ಮೆರವಣಿಗೆಯಂತೆ ಹಿಂದುಮುಂದಾಗಿ ಹೋಗುವ ಈ ಕಾರುಗಳನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಅದೇ ಕಾರು.

ನಗುವಂಥದಲ್ಲದ ಕೊರತೆಯೂ ಒಂದಿತ್ತು. ಎಂಜಿನ್ನನ್ನು ಮುಂಭಾಗದ ಕಬ್ಬಿಣದ ಹಿಡಿಯಿಂದ ತಿರುಗಿಸಿ ಚಾಲೂ ಮಾಡಬೇಕು. ಕಿಡಿಯ ಹೊತ್ತನ್ನು ಸರಿಹೊಂದಿಸುವ ಸಣ್ಣ ಸನ್ನೆಯನ್ನು ಹಿಂದೆ ಸರಿಸಲು ಮರೆತರೆ ಎಂಜಿನ್ನು ಹಿಮ್ಮುಖವಾಗಿ ಒದೆಯುತ್ತಿತ್ತು; ಹಿಡಿ ಹಿಡಿದವನ ಮಣಿಕಟ್ಟು ಮುರಿಯುತ್ತಿತ್ತು. ಆ ಕಾಲದ ಎಲ್ಲ ಕಾರುಗಳಿಗೂ ಇದ್ದ ಕಾಟವೇ ಇದು. ಮಣಿಕಟ್ಟಿನ ಮೂಳೆ ಒಂದು ಬಗೆಯಲ್ಲಿ ಸೀಳುವುದಕ್ಕೆ ವೈದ್ಯರು ಇಂದಿಗೂ ‘ಷೋಫರ್ ಫ್ರ್ಯಾಕ್ಚರ್’ ಎನ್ನುತ್ತಾರೆ. ಕ್ಯಾಡಿಲಾಕ್ ಕಂಪನಿ ತನ್ನ ದುಬಾರಿ ಕಾರಿಗೆ 1912ರಲ್ಲೇ ವಿದ್ಯುತ್ ಸ್ಟಾರ್ಟರ್ ಅಳವಡಿಸಿತು. ಮಾಡೆಲ್ ಟಿಗೆ ಅದು ಕಾರ್ಖಾನೆಯಿಂದಲೇ ಬಂದದ್ದು 1919ರಲ್ಲಿ. ತೆರೆದ ಕಾರುಗಳಿಗಂತೂ ಆಗಲೂ ಹೆಚ್ಚುವರಿ ಹಣಕ್ಕೆ. ನಡುವಿನ ಏಳು ವರ್ಷ ಫೋರ್ಡ್ ಕೊಂಡವರು ಏನು ಮಾಡಬೇಕು?

ಅಂಚೆಯಲ್ಲಿ ತರಿಸಿಕೊಳ್ಳಬೇಕು. 1913ರಲ್ಲಿ ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಆರಂಭಿಸಿತ್ತು. ಸಿಯರ್ಸ್ ರೋಬಕ್ ಕಂಪನಿಯ ದಪ್ಪ ಕ್ಯಾಟಲಾಗು ಹಳ್ಳಿಹಳ್ಳಿಯ ಮನೆಯಲ್ಲಿ ಬೈಬಲ್ ಪಕ್ಕದಲ್ಲೇ ಕೂತಿತ್ತು. ಅದರ ಪುಟಗಳಲ್ಲಿ ಫೋರ್ಡಿಗೆ ಹೊಂದುವ ಸಾಮಾನುಗಳ ಸಾಲು ಬೆಳೆಯುತ್ತ ಹೋಯಿತು. ಕೂತಲ್ಲಿಂದಲೇ ಎಳೆದು ಚಾಲೂ ಮಾಡುವ ಸ್ಟಾರ್ಟರ್‌ಗಳು, ಅಡಿಯ ಎಲೆ ಸ್ಪ್ರಿಂಗಿನ ಕುಲುಕಾಟ ತಗ್ಗಿಸುವ ಉಪಕರಣಗಳು, ವೇಗಮಾಪಕ, ಬಂಪರು, ಕನ್ನಡಿ, ಚಳಿಗಾಲಕ್ಕೆ ಹೊಗೆಕೊಳವೆಯ ಶಾಖವನ್ನು ಕಾಲಬುಡಕ್ಕೆ ತರುವ ಹೀಟರು. ರೇಡಿಯೇಟರಿನ ಮುಚ್ಚಳದ ಮೇಲೆ ಕೂರಿಸುವ ಬಾಯ್ಸ್ ಮೋಟೊ-ಮೀಟರ್ ಎಂಬ ಉಷ್ಣಮಾಪಕ ಇನ್ನೊಂದು. ಚಾಲಕ ಮುಂಗಾಜಿನ ಆಚೆ ಕಣ್ಣು ಹಾಯಿಸಿ ನೀರಿನ ಕಾವು ಓದಿಕೊಳ್ಳಬಹುದಿತ್ತು. ಗಡಗಡ ಸದ್ದು ನಿಲ್ಲಿಸಲೆಂದೇ ಬಾನೆಟ್ಟಿಗೊಂದು, ಸ್ಟೀರಿಂಗ್ ಸರಳಿಗೊಂದು ಬೇರೆ ಬೇರೆ ಸಾಧನಗಳಿದ್ದವು ಎಂದರೆ ಆ ಕಾರು ಎಷ್ಟು ಸದ್ದು ಮಾಡುತ್ತಿತ್ತೆಂದು ಊಹಿಸಬಹುದು. ಮಾಡೆಲ್ ಟಿಗಾಗಿ ಒಟ್ಟು ಐದು ಸಾವಿರಕ್ಕೂ ಹೆಚ್ಚು ಬಗೆಯ ಸಾಮಾನು ಮಾರುಕಟ್ಟೆಗೆ ಬಂದವೆಂಬ ಲೆಕ್ಕ ರೂಢಿಯಲ್ಲಿದೆ. ಅವುಗಳಲ್ಲಿ ಕೆಲಸಕ್ಕೆ ಬಾರದವೂ ಸಾಕಷ್ಟು ಇದ್ದಿರಬೇಕು.

ಈ ವ್ಯಾಪಾರದಲ್ಲಿ ಬದುಕು ಕಟ್ಟಿಕೊಂಡವರಲ್ಲಿ ಜಾರ್ಜ್ ಪೆಪರ್‌ಡೈನ್ ಎಂಬಾತನ ಕಥೆ ಸ್ವಾರಸ್ಯದ್ದು. ಕಾನ್ಸಾಸ್ ಸಿಟಿಯಲ್ಲಿದ್ದ ಈತ 1909ರಲ್ಲಿ ಐದು ಡಾಲರಿನ ಅಂಚೆಚೀಟಿ ಕೊಂಡು, ಫೋರ್ಡ್ ಬಿಡಿಭಾಗಗಳ ಪಟ್ಟಿಯನ್ನು ಕಾರು ಮಾಲೀಕರಿಗೆ ಕಳಿಸಿದ. ಅದೇ ಬಂಡವಾಳ. ಅದರಿಂದ ಹುಟ್ಟಿದ ವೆಸ್ಟರ್ನ್ ಆಟೋ ಕಂಪನಿ ದೇಶದುದ್ದಕ್ಕೂ ಅಂಗಡಿ ತೆರೆಯಿತು. ಆ ಹಣದಲ್ಲಿ ಆತ 1937ರಲ್ಲಿ ಲಾಸ್ ಏಂಜಲೀಸ್‌ನಲ್ಲೊಂದು ಕಾಲೇಜು ಸ್ಥಾಪಿಸಿದ. ಕ್ಯಾಲಿಫೋರ್ನಿಯಾದ ಪೆಪರ್‌ಡೈನ್ ವಿಶ್ವವಿದ್ಯಾಲಯದ ಮೂಲ ಇದು.

ಸಾಮಾನು ಸೇರಿಸುತ್ತ ಸೇರಿಸುತ್ತ ಜನ ಕಾರಿನ ಉದ್ದೇಶವನ್ನೇ ಬದಲಾಯಿಸಿಬಿಟ್ಟರು. ಅಮೆರಿಕದ ಬಹುಪಾಲು ಹೊಲಮನೆಗಳಿಗೆ ಆಗ ವಿದ್ಯುತ್ ಇರಲಿಲ್ಲ. ಅದು ಬಂದದ್ದು 1930ರ ದಶಕದ ನಡುವಿನಿಂದೀಚೆಗೆ. ಅಂಗಳದಲ್ಲಿ ನಿಂತಿದ್ದ ಎಂಜಿನ್ನೆಂದರೆ ಕಾರಿನದೊಂದೇ. ಹಿಂದಿನ ಒಂದು ಚಕ್ರವನ್ನು ಜಾಕಿನ ಮೇಲೆ ಎತ್ತಿ ಅದಕ್ಕೆ ಪಟ್ಟಿ ತೊಡಿಸಿದರೆ ಕಟ್ಟಿಗೆ ಕೊಯ್ಯುವ ಗರಗಸ ತಿರುಗುತ್ತಿತ್ತು, ನೀರೆತ್ತುವ ಪಂಪು ಓಡುತ್ತಿತ್ತು, ಬಟ್ಟೆ ಒಗೆಯುವ ಯಂತ್ರವೂ ನಡೆಯುತ್ತಿತ್ತು. ಟಿಲ್ಲರಿನ ಎಂಜಿನ್ನಿನಿಂದಲೇ ಪಂಪು ಓಡಿಸಿಕೊಳ್ಳುವ ನಮ್ಮ ರೈತರಿಗೆ ಇದರಲ್ಲಿ ಅಚ್ಚರಿ ಕಾಣಲಾರದು. ಆಮೇಲೆ ಈ ಕೆಲಸಕ್ಕೆಂದೇ ಸಿದ್ಧ ಸಲಕರಣೆಗಳು ಬಂದವು. ಹಿಂದಿನ ಚಕ್ರ ಕಳಚಿ ಹಲ್ಲುಗಳಿರುವ ದೊಡ್ಡ ಉಕ್ಕಿನ ಚಕ್ರ ತೊಡಿಸಿದರೆ ಕಾರು ಟ್ರ್ಯಾಕ್ಟರಾಗುತ್ತಿತ್ತು. ವಾರವೆಲ್ಲ ಉಳುಮೆ, ಭಾನುವಾರ ಮತ್ತೆ ರಬ್ಬರ್ ಚಕ್ರ ಹಾಕಿ ಸಂಸಾರಸಮೇತ ಚರ್ಚಿಗೆ. ಹಿಂಭಾಗ ಕತ್ತರಿಸಿ ಉದ್ದದ ಚೌಕಟ್ಟು ಜೋಡಿಸಿ ಲಾರಿ ಮಾಡುವ ಸಲಕರಣೆಯೂ ಇತ್ತು.

ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವೆಸ್ಟ್ ಒಸಿಪೀ ಎಂಬ ಊರಿನ ಫೋರ್ಡ್ ವ್ಯಾಪಾರಿ ವರ್ಜಿಲ್ ವೈಟ್ ಇನ್ನೊಂದು ದಾರಿ ಹಿಡಿದ. ಅಲ್ಲಿ ಚಳಿಗಾಲದಲ್ಲಿ ರಸ್ತೆಗಳು ಹಿಮದಡಿ ಹೂತುಹೋಗುತ್ತಿದ್ದವು. ಮುಂದಿನ ಚಕ್ರಗಳ ಜಾಗಕ್ಕೆ ಜಾರುಹಲಗೆ, ಹಿಂದೆ ಇನ್ನೊಂದು ಜೊತೆ ಚಕ್ರ ಸೇರಿಸಿ ಅವುಗಳ ಸುತ್ತ ಪಟ್ಟಿ: ಇದಕ್ಕೆ ಆತ 1917ರಲ್ಲಿ ಪೇಟೆಂಟ್ ಪಡೆದು ‘ಸ್ನೋಮೊಬೈಲ್’ ಎಂದು ಕರೆದ. ಹಳ್ಳಿಯ ವೈದ್ಯರೂ ಅಂಚೆಯವರೂ ಅದರ ಗಿರಾಕಿಗಳು. ಹೆರಿಗೆ ನೋವಿನ ಮನೆಗೆ ವೈದ್ಯ ಹೊತ್ತಿಗೆ ಸರಿಯಾಗಿ ತಲುಪುವುದು ಇಂಥದೊಂದು ಜೋಡಣೆಯನ್ನು ನೆಚ್ಚಿಕೊಂಡಿದ್ದ ಊರುಗಳಿದ್ದವು.

ಹಾಗೆಂದು ಎಲ್ಲವೂ ಒಳಿತೇ ಆಗಲಿಲ್ಲ. ಮಾಡೆಲ್ ಟಿಯಲ್ಲಿ ಇದ್ದದ್ದು ಮುಂದಕ್ಕೆ ಎರಡೇ ಗೇರು. ಏರಿನಲ್ಲಿ ಒದ್ದಾಡುವ ಕಾರಿಗೆ ಹೆಚ್ಚುವರಿ ಗೇರುಪೆಟ್ಟಿಗೆ ಸೇರಿಸುವುದು ಬಲು ಜನಪ್ರಿಯ ಸುಧಾರಣೆಯಾಗಿತ್ತು. ವಾರ್‌ಫೋರ್ಡ್ ಎಂಬ ಹೆಸರಿನ ಪೆಟ್ಟಿಗೆ ಪ್ರಸಿದ್ಧ. ರಕ್‌ಸ್ಟೆಲ್ ಎಂಬ ಎರಡು ವೇಗದ ಹಿಂದಿನ ಅಚ್ಚಿಗಂತೂ ಫೋರ್ಡ್ ಕಂಪನಿಯೇ ಒಪ್ಪಿಗೆ ಕೊಟ್ಟು ತನ್ನ ಅಂಗಡಿಗಳ ಮೂಲಕ ಮಾರಿಸಿತು. ತೊಡಕಿದ್ದದ್ದು ಬ್ರೇಕಿನಲ್ಲಿ. ಈ ಕಾರಿನ ಕಾಲಿನ ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಎಂಜಿನ್ನಿನ ಪಕ್ಕದ ಮೂಲ ಗೇರುಪೆಟ್ಟಿಗೆಯೊಳಗಿನ ಉರುಳೆಯನ್ನು ಹಿಡಿಯುತ್ತದೆ. ಅದಕ್ಕೂ ಚಕ್ರಕ್ಕೂ ನಡುವೆ ಇನ್ನೊಂದು ಪೆಟ್ಟಿಗೆ ಕೂರಿಸಿ, ಇಳಿಜಾರಿನಲ್ಲಿ ಅದು ಯಾವ ಗೇರಿಗೂ ಸಿಕ್ಕದೆ ನಡುವೆ ನಿಂತುಬಿಟ್ಟರೆ ಬ್ರೇಕಿಗೂ ಚಕ್ರಕ್ಕೂ ಸಂಬಂಧವೇ ಕಡಿದುಹೋಗುತ್ತಿತ್ತು. ಉಳಿಯುತ್ತಿದ್ದುದು ನಿಂತ ಕಾರನ್ನು ಹಿಡಿದಿಡಲೆಂದು ಕೊಟ್ಟ ದುರ್ಬಲ ಕೈಬ್ರೇಕು ಮಾತ್ರ. ಹಾಗಾಗಿ ಗೇರುಪೆಟ್ಟಿಗೆ ಕೊಂಡವರು ಹಿಂದಿನ ಚಕ್ರಗಳಿಗೆ ಹೊರಗಿನಿಂದ ಪಟ್ಟಿ ಬಿಗಿಯುವ ಬ್ರೇಕನ್ನೂ ಕೊಳ್ಳಬೇಕಾಯಿತು. ಕಾರನ್ನು ಒಟ್ಟಾರೆಯಾಗಿ ಲೆಕ್ಕಹಾಕಿದವನು ಕಾರ್ಖಾನೆಯ ಎಂಜಿನಿಯರು. ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಏನಾಗುತ್ತದೆಂದು ಕ್ಯಾಟಲಾಗು ಹೇಳುವುದಿಲ್ಲ. ಈ ಸತ್ಯ ಕೆಲವರಿಗೆ ಗುಡ್ಡದ ತಿರುವಿನಲ್ಲಿ ತಿಳಿಯಿತು.

ವೇಗದ ಹುಚ್ಚಿನವರ ಕಥೆ ಬೇರೆಯೇ. ಮಾಡೆಲ್ ಟಿಯ ನಿಧಾನದ ಎಂಜಿನ್ನಿಗೆ ಹೊಸ ಸಿಲಿಂಡರ್ ಹೆಡ್ ಕೂರಿಸಿ ಓಟದ ಎಂಜಿನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯನ ಹೆಸರು ಲೂಯಿ ಷೆವ್ರೊಲೆ. ಹೌದು, ಫೋರ್ಡಿನ ಎದುರಾಳಿ ಕಾರಿನ ಮೇಲೆ ಇವತ್ತಿಗೂ ಇರುವುದು ಅದೇ ಹೆಸರು. ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿದ ಈ ಓಟಗಾರ 1911ರಲ್ಲಿ ವಿಲಿಯಂ ಡ್ಯುರಾಂಟ್ ಜೊತೆ ಆ ಕಂಪನಿ ಸ್ಥಾಪಿಸಿ, ಎರಡು-ಮೂರು ವರ್ಷಗಳಲ್ಲೇ ಜಗಳವಾಡಿಕೊಂಡು ಹೊರಬಂದಿದ್ದ. ಹೆಸರು ಅಲ್ಲೇ ಉಳಿಯಿತು. ಮುಂದೆ ತಮ್ಮ ಆರ್ಥರ್ ಜೊತೆ ಸೇರಿ ಆತ ಫೋರ್ಡ್ ಕಾರುಗಳಿಗೆ ‘ಫ್ರಂಟೆನಾಕ್’ ಹೆಡ್ಡುಗಳನ್ನು ತಯಾರಿಸಿ ಮಾರಿದ. 1923ರ ಇಂಡಿಯಾನಾಪೊಲಿಸ್ 500 ಮೈಲಿ ಓಟದಲ್ಲಿ, ಓಟಕ್ಕೆಂದೇ ಕಟ್ಟಿದ ದುಬಾರಿ ಯಂತ್ರಗಳ ನಡುವೆ ಇಂಥ ಹೆಡ್ ತೊಟ್ಟ ಫೋರ್ಡನ್ನು ಓಡಿಸಿದ ಎಲ್.ಎಲ್. ಕೋರಂ ಐದನೆಯವನಾಗಿ ಬಂದ. ಕಾರನ್ನು ಕಣಕ್ಕಿಳಿಸಿದ್ದು ಸ್ಥಳೀಯ ಫೋರ್ಡ್ ವ್ಯಾಪಾರಿ. ಮರುವರ್ಷದ ಓಟಕ್ಕೆ ಗೌರವ ತೀರ್ಪುಗಾರನಾಗಿ ಬಂದವನು ಸ್ವತಃ ಹೆನ್ರಿ ಫೋರ್ಡ್.

ಕಾರಿಗೆ ಜನ ಕೊಂಡು ಸೇರಿಸುತ್ತಿದ್ದ ಒಂದೊಂದು ಸಾಮಾನೂ ಕಾರ್ಖಾನೆಗೆ ಬರೆದ ದೂರಿನ ಪತ್ರವೇ ಆಗಿತ್ತು. ಕೆಲವನ್ನು ಕಂಪನಿ ಓದಿಕೊಂಡಿತು: 1917ರಲ್ಲಿ ಒಂದು ಟನ್ ಹೊರುವ ಲಾರಿಯನ್ನೂ ಫೋರ್ಡ್‌ಸನ್ ಟ್ರ್ಯಾಕ್ಟರನ್ನೂ ಹೊರತಂದಿತು. ಕಾರಿನ ವಿಷಯದಲ್ಲಿ ಮಾತ್ರ ಫೋರ್ಡ್ ಕಿವಿಗೊಡಲಿಲ್ಲ. ಪತ್ರಗಳನ್ನು ಗಮನವಿಟ್ಟು ಓದಿದವನು ಜನರಲ್ ಮೋಟಾರ್ಸ್‌ನ ಆಲ್‌ಫ್ರೆಡ್ ಸ್ಲೋನ್. 1920ರ ದಶಕದ ನಡುವೆ ಷೆವ್ರೊಲೆ ಟೂರಿಂಗ್ ಕಾರಿಗೆ ಸುಮಾರು 510 ಡಾಲರ್, ಫೋರ್ಡಿಗೆ 290. ಮೇಲುನೋಟಕ್ಕೆ ಸ್ಪರ್ಧೆಯೇ ಇಲ್ಲ. ಆದರೆ ಸ್ಟಾರ್ಟರಿಗೂ ಸುಲಭವಾಗಿ ಕಳಚುವ ಚಕ್ರದ ಬಳೆಗಳಿಗೂ ಫೋರ್ಡ್ 85 ಡಾಲರ್ ಹೆಚ್ಚಿಗೆ ಕೇಳುತ್ತಿತ್ತು, ಅಲ್ಲಿಗೆ 375. ಷೆವ್ರೊಲೆಯಲ್ಲಿ ಅವೆರಡೂ ಬೆಲೆಯೊಳಗೇ ಸೇರಿದ್ದವು. ಇನ್ನು ಫೋರ್ಡಿಗೆ ವೇಗಮಾಪಕ, ಬಂಪರು, ಕುಲುಕಾಟ ತಡೆಯುವ ಸಾಧನ ಎಲ್ಲವನ್ನೂ ಸೇರಿಸಿದರೆ ಅಂತರ ಮೊದಲು ಕಂಡಷ್ಟಿರಲಿಲ್ಲ. ಜೊತೆಗೆ ಕಂತಿನ ಸೌಲಭ್ಯ. ಜನರಲ್ ಮೋಟಾರ್ಸ್ 1919ರಲ್ಲೇ ಸಾಲ ಕೊಡುವ ಅಂಗಸಂಸ್ಥೆ ತೆರೆದಿತ್ತು. ಫೋರ್ಡ್‌ಗೆ ಸಾಲವೆಂದರೆ ಆಗದು. 1923ರಲ್ಲಿ ಆತ ತಂದ ಯೋಜನೆಯಲ್ಲಿ ವಾರಕ್ಕೆ ಐದು ಡಾಲರಿನಂತೆ ಮೊದಲು ಉಳಿಸಬೇಕು, ಕಾರು ಆಮೇಲೆ. ಕೊರತೆಯ ಕಾರನ್ನು ರೊಕ್ಕ ಕೊಟ್ಟು ಕೊಂಡು, ಮತ್ತೆ ರೊಕ್ಕ ಕೊಟ್ಟು ತುಂಬಿಸಿಕೊಳ್ಳುವುದಕ್ಕಿಂತ ಎಲ್ಲ ಇರುವ ಕಾರನ್ನು ಕಂತಿನಲ್ಲಿ ತರುವುದು ಸಂಸಾರಸ್ಥರಿಗೆ ಹಗುರವೆನ್ನಿಸತೊಡಗಿತು.

ಕಂಪನಿಯೊಳಗೂ ಇದನ್ನು ಕಂಡವರಿದ್ದರು. ಅರ್ನೆಸ್ಟ್ ಕಾನ್ಸ್‌ಲರ್ ಎಂಬ ಹಿರಿಯ ಅಧಿಕಾರಿ, ಫೋರ್ಡನ ಮಗ ಎಡ್ಸೆಲ್‌ಗೆ ಹೆಂಡತಿಯ ಕಡೆಯ ನೆಂಟ, ಹೊಸ ಕಾರು ತಾರದೆ ಉಳಿಗಾಲವಿಲ್ಲ ಎಂದು 1926ರ ಜನವರಿಯಲ್ಲಿ ಹೆನ್ರಿ ಫೋರ್ಡ್‌ಗೆ ಹಲವು ಪುಟಗಳ ಪತ್ರ ಬರೆದ. ಆರು ತಿಂಗಳೊಳಗೆ ಆತನ ಕೆಲಸ ಹೋಯಿತು. ಮರುವರ್ಷವೇ, 1927ರ ಮೇ 26ರಂದು, ಒಂದೂವರೆ ಕೋಟಿಯ ಮಾಡೆಲ್ ಟಿ ಸಾಲಿನಿಂದ ಹೊರಬಂತು. ಅದರ ಹಿಂದೆಯೇ ತಯಾರಿಕೆ ನಿಂತಿತು. ಡಿಸೆಂಬರಿನಲ್ಲಿ ಬಂದ ಮಾಡೆಲ್ ಎ ಕಾರಿನಲ್ಲಿ ಸ್ಟಾರ್ಟರ್, ವೇಗಮಾಪಕ, ಪೆಟ್ರೋಲ್ ಮಾಪಕ, ಆಘಾತ ತಡೆಯುವ ಸಾಧನ, ನಾಲ್ಕೂ ಚಕ್ರಗಳಿಗೆ ಬ್ರೇಕು, ಒಡೆದರೂ ಚೂರು ಸಿಡಿಯದ ಮುಂಗಾಜು ಎಲ್ಲವೂ ಇದ್ದವು. ಹಳೆಯ ಕ್ಯಾಟಲಾಗಿನ ಪುಟಗಳನ್ನು ಒಂದೊಂದಾಗಿ ಹರಿದು ಕಾರಿಗೆ ಅಂಟಿಸಿದಂತಿತ್ತು.

ಟಿ ಕಾರನ್ನೇ ನಂಬಿ ಬದುಕಿದ್ದ ಸಣ್ಣ ಕಾರ್ಯಾಗಾರಗಳಿಗೆ ಇದು ಭಾರಿ ಪೆಟ್ಟು. ಆದರೂ ಲಕ್ಷಾಂತರ ಟಿಗಳು ರಸ್ತೆಯಲ್ಲಿ ಉಳಿದಿದ್ದವು, ಹಳೆಯ ಬೆಲೆಗೆ ಕೈ ಬದಲಾಯಿಸುತ್ತಿದ್ದವು, ಕಾಸಿಲ್ಲದ ಹುಡುಗರು ಅವನ್ನು ಬಿಚ್ಚಿ ಜೋಡಿಸುತ್ತಿದ್ದರು. ಹಾಗಾಗಿ ಫೋರ್ಡ್ ಕಾರ್ಖಾನೆಯೇ ಟಿ ಎಂಜಿನ್ನನ್ನು ಮತ್ತೆ ಹದಿನಾಲ್ಕು ವರ್ಷ ತಯಾರಿಸುತ್ತ ಹೋಯಿತು. ಅದು ನಿಂತದ್ದು 1941ರ ಆಗಸ್ಟಿನಲ್ಲಿ. ಆ ಎಂಜಿನ್ನಿಗೆ ಹೆಡ್ ಮಾಡಿ ಮಾರಿದ್ದ ಲೂಯಿ ಷೆವ್ರೊಲೆ ಅದಕ್ಕೆ ಎರಡು ತಿಂಗಳು ಮುಂಚೆ, ಹೇಳಿಕೊಳ್ಳುವಂಥ ಆಸ್ತಿಯೇನೂ ಇಲ್ಲದೆ, ತೀರಿಕೊಂಡಿದ್ದ.