ಆಕಾಶಕ್ಕೆ ಕಿವಿಗೊಟ್ಟ ಗೋಡೆಗಳು

ದೂರದ ಬಸ್ಸಿನ ಸದ್ದು ಸರಿಯಾಗಿ ಕೇಳದಿದ್ದರೆ ನಾವೇನು ಮಾಡುತ್ತೇವೆ? ಕಿವಿಯ ಹಿಂದೆ ಅಂಗೈ ಬಾಗಿಸಿ ಹಿಡಿಯುತ್ತೇವೆ. ಸುಮಾರು ನೂರು ವರ್ಷದ ಹಿಂದೆ ಬ್ರಿಟಿಷ್ ಸೇನೆ ಇದೇ ಉಪಾಯವನ್ನು ಕಾಂಕ್ರೀಟಿನಲ್ಲಿ ಮಾಡಿತು. ಅಂಥ ಒಂದು 'ಅಂಗೈ' 200 ಅಡಿ ಉದ್ದವಿತ್ತು!

ಆಗಿನ್ನೂ ರೇಡಾರ್ ಬಂದಿರಲಿಲ್ಲ. ಮೊದಲ ಮಹಾಯುದ್ಧ ನಡೆಯುತ್ತಿತ್ತು. 1917ರ ಮೇ 25ರಂದು ಜರ್ಮನಿಯ ಗೋಥಾ ವಿಮಾನಗಳು ಇಂಗ್ಲೆಂಡಿನ ಕಡಲತೀರದ ಫೋಕ್‌ಸ್ಟನ್ ಪಟ್ಟಣದ ಮೇಲೆ ಬಾಂಬ್ ಹಾಕಿದವು. ಅಂಗಡಿ ಮುಂದೆ ಸರದಿಯಲ್ಲಿ ನಿಂತಿದ್ದವರೂ ಸೇರಿ 70ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಹತ್ತು ನಿಮಿಷ ಮೊದಲೇ ಗೊತ್ತಾಗಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವು.

ಆ ಹತ್ತು ನಿಮಿಷವನ್ನು ಗಳಿಸುವುದು ಹೇಗೆ? ಸೈನಿಕರು ಕಿವಿಯನ್ನೇ ನಂಬಿದರು. ಗ್ರಾಮಫೋನಿಗೆ ಇರುವಂಥ ಎರಡು ದೊಡ್ಡ ಕಹಳೆಗಳನ್ನು ಕಂಬಕ್ಕೆ ಕಟ್ಟಿ, ಒಂದೊಂದು ಕಿವಿಗೆ ಒಂದೊಂದು ಕೊಳವೆ ಜೋಡಿಸಿದರು. ಎಡಗಡೆಯ ಸದ್ದು ಎಡಗಿವಿಗೆ ಚೂರು ಮೊದಲು ಮುಟ್ಟುತ್ತದೆ. ಎರಡೂ ಕಿವಿಗೆ ಸಮನಾಗಿ ಕೇಳುವವರೆಗೆ ಕಂಬ ತಿರುಗಿಸಿದರೆ ಕಹಳೆ ನೋಡುತ್ತಿರುವ ದಿಕ್ಕೇ ವಿಮಾನದ ದಿಕ್ಕು. ಮೇಲೆ ಕೆಳಗೆ ಕಟ್ಟಿದ ಇನ್ನೊಂದು ಜೋಡಿಯಿಂದ ಅದು ಎಷ್ಟು ಮೇಲಿದೆ ಎಂಬ ಅಂದಾಜು ಸಿಗುತ್ತಿತ್ತು.

ಯುದ್ಧ ಮುಗಿದ ಮೇಲೂ ವಿಲಿಯಂ ಸ್ಯಾನ್ಸಮ್ ಟಕರ್ ಎಂಬ ವಿಜ್ಞಾನಿ ಈ ಕೆಲಸ ಬಿಡಲಿಲ್ಲ. ಅವರ ಮೈಕ್ರೊಫೋನಿನಲ್ಲಿ ಕಾದ ಸಣ್ಣ ತಂತಿ ಇತ್ತು. ಸದ್ದಿನಿಂದ ಗಾಳಿ ಅಲುಗಾಡಿದರೆ ತಂತಿ ತಣಿಯುತ್ತಿತ್ತು, ಅದರಲ್ಲಿ ಹರಿಯುವ ವಿದ್ಯುತ್ ಬದಲಾಗುತ್ತಿತ್ತು. ಇಂಗ್ಲೆಂಡಿನ ಕೆಂಟ್ ತೀರದ ಡೆಂಜ್ ಎಂಬಲ್ಲಿ 1928ರಿಂದ 1930ರ ನಡುವೆ ಮೂರು 'ಸದ್ದಿನ ಕನ್ನಡಿ' ಎದ್ದವು: 20 ಅಡಿ ಮತ್ತು 30 ಅಡಿ ಅಗಲದ ಎರಡು ಬೋಗುಣಿಗಳು, 200 ಅಡಿ ಉದ್ದದ ಒಂದು ಬಾಗಿದ ಗೋಡೆ. ಕಡಲಿನ ಕಡೆಯಿಂದ ಬಂದ ಸದ್ದು ಗೋಡೆಗೆ ಬಡಿದು ಒಂದೆಡೆ ಸೇರುತ್ತಿತ್ತು. ಹವೆ ಚೆನ್ನಾಗಿದ್ದರೆ ಸುಮಾರು 30 ಕಿಲೋಮೀಟರ್ ದೂರದ ವಿಮಾನವೂ ಕೇಳುತ್ತಿತ್ತು. ಆದರೆ ಜೋರು ಗಾಳಿ, ಹಡಗು, ರಸ್ತೆಯ ಮೋಟಾರು, ಎಲ್ಲವೂ ಅಡ್ಡಿಯೇ.

ಅದಕ್ಕಿಂತ ದೊಡ್ಡ ಅಡ್ಡಿ ವೇಗದ್ದು. ನಾವೇ ಒಂದು ಲೆಕ್ಕ ಹಾಕಿದೆವು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 30 ಕಿಲೋಮೀಟರ್ ದೂರದಿಂದ ಬರಲು ಅದಕ್ಕೆ ಒಂದೂವರೆ ನಿಮಿಷ ಬೇಕು. ಅಷ್ಟರಲ್ಲಿ ವಿಮಾನವೂ ಮುಂದೆ ಬಂದಿರುತ್ತದೆ. ಗಂಟೆಗೆ 160 ಕಿಲೋಮೀಟರ್ ವೇಗದ ಹಳೆಯ ವಿಮಾನವಾದರೆ, ಸದ್ದು ಕೇಳಿದ ಮೇಲೂ ಸುಮಾರು ಹತ್ತು ನಿಮಿಷ ಉಳಿಯುತ್ತದೆ. 480 ಕಿಲೋಮೀಟರ್ ವೇಗದ್ದಾದರೆ ಉಳಿಯುವುದು ಎರಡೇ ನಿಮಿಷ ಚಿಲ್ಲರೆ. ಗೋಡೆ ಎಷ್ಟೇ ದೊಡ್ಡದು ಕಟ್ಟಿದರೂ ಸದ್ದನ್ನು ಬೇಗ ಓಡಿಸಲು ಆಗದು.

1935ರ ಫೆಬ್ರುವರಿ 26ರಂದು ಡ್ಯಾವೆಂಟ್ರಿ ಬಳಿ ರಾಬರ್ಟ್ ವಾಟ್ಸನ್ ವಾಟ್ ಮತ್ತು ಆರ್ನಲ್ಡ್ ವಿಲ್ಕಿನ್ಸ್ ರೇಡಿಯೊ ಅಲೆಯಿಂದ ವಿಮಾನವನ್ನು ಪತ್ತೆ ಹಚ್ಚಿ ತೋರಿಸಿದರು. ರೇಡಿಯೊ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಥೇಮ್ಸ್ ನದಿಯ ಅಳಿವೆಯ ಸುತ್ತ ಇನ್ನಷ್ಟು ಕನ್ನಡಿ ಕಟ್ಟುವ ಯೋಜನೆ ಅಲ್ಲಿಗೇ ನಿಂತಿತು.

ಹಾಗಾದರೆ ಟಕರ್ ಪಟ್ಟ ಶ್ರಮ ನೀರುಪಾಲಾಯಿತೇ? ನಮಗೆ ಹಾಗನ್ನಿಸುವುದಿಲ್ಲ. ತೀರದಲ್ಲಿ ಕಾಯುವುದು, ಕೇಳಿದ್ದನ್ನು ಕೂಡಲೇ ಫೋನಿನಲ್ಲಿ ತಿಳಿಸುವುದು, ಒಂದೇ ಕಡೆ ನಕ್ಷೆಯ ಮೇಲೆ ಗುರುತಿಸುವುದು, ಇದೆಲ್ಲ ಕನ್ನಡಿಗಳ ಕಾಲದಲ್ಲೇ ರೂಢಿಯಾಗಿತ್ತು. ಮುಂದೆ ರೇಡಾರ್ ಕೇಂದ್ರಗಳೂ ನಡೆದದ್ದು ಇದೇ ದಾರಿಯಲ್ಲಿ.

ಡೆಂಜ್‌ನ ಮೂರೂ ಕನ್ನಡಿಗಳು ಇಂದಿಗೂ ಕಡಲ ಕಡೆ ಮುಖ ಮಾಡಿ ನಿಂತಿವೆ. ಎಚ್ಚರಿಕೆ ಎಷ್ಟು ದೂರದಿಂದ ಬಂತು ಎನ್ನುವುದಕ್ಕಿಂತ, ಅದು ಬಂದ ಮೇಲೆ ಎಷ್ಟು ನಿಮಿಷ ಉಳಿಯಿತು ಎನ್ನುವುದೇ ಮುಖ್ಯ. ಹೊಲದಲ್ಲಿದ್ದಾಗ ನಮ್ಮ ಫೋನಿಗೆ ಸಿಡಿಲಿನ ಎಚ್ಚರಿಕೆ ಬಂದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ: ಸೂರು ಸೇರಲು ಹೊತ್ತು ಇದೆಯೇ?