ದೊಡ್ಡ ಊರು ಬಿಟ್ಟು ಎಲ್ಲಿಗೆ? ನಮ್ಮ ಮನಿಯೊಳಗಿನ ಒಂದು ಇತಿಹಾಸ

ಈ ಸಲ ಅಡಿಗಿಮನಿ ಬಿಟ್ಟು ಸ್ವಲ್ಪ ಹೊರಗ ಬರೋಣು.

2024ರ ಮಾರ್ಚದಾಗ ಬೆಂಗಳೂರಿನಿಂದ ಮಗಳ ಫೋನ್ ಬಂತು. ಬೋರ್‌ವೆಲ್ ಬತ್ತಿ, ಅವರಿದ್ದ ಅಪಾರ್ಟಮೆಂಟಿಗೆ ಟ್ಯಾಂಕರ್ ನೀರು ತರಸ್ಲಿಕ್ಕೆ ಹತ್ತಿದ್ರು. "ಅವ್ವಾ, ಸಾಕಾತು. ಕೂಸಿಗೆ ನಾಕು ವರ್ಷ, ಸಾಲಿಗೆ ಹಾಕೂಕಿಂತ ಮೊದಲ ಈ ಊರು ಬಿಡಬೇಕಂತ ಮಾಡೀವಿ. ಮೈಸೂರಿಗೆ ಹೋಗೋಣೋ, ಮಂಗಳೂರಿಗೋ, ಧಾರವಾಡಕ್ಕಽ ಬರೋಣೋ? ನೀ ಹೇಳು" ಅಂದ್ಲು. ಧಾರವಾಡ ಅಂದಕೂಡ್ಲೆ ನನ್ನ ಎದಿ ಹಿಗ್ಗಿತು. ಆದ್ರ ಬಾಯಿ ತನಕಾ ಬಂದ ಮಾತು ನುಂಗಿಕೊಂಡು "ಎಂಟು ದಿನ ಟೈಮ್ ಕೊಡು" ಅಂದೆ. ಯಾಕಂದ್ರ ನಮ್ಮ ಮನಿಯೊಳಗ ಈ ಪ್ರಶ್ನೆ ಇದೇ ಮೊದಲ ಸಲ ಬಂದದ್ದಲ್ಲ. ಹಿಂದಿನ ಎರಡೂ ಸಲ ಯಾರೋ ಒಬ್ಬರು ಅದಕ್ಕ ಬೆಲೆ ಕೊಟ್ಟಾರ.

ನಮ್ಮ ಕಡೆಯವರಿಗೆ ದೊಡ್ಡ ಊರು ಅಂದ್ರ ಆಗ ಬೆಂಗಳೂರಲ್ಲ, ಮುಂಬಯಿ. ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲಾ ಮುಂಬಯಿ ಪ್ರಾಂತ್ಯದಾಗ ಇದ್ವು. 1880ರ ದಶಕದಾಗ ರೇಲ್ವೆ ಬಂದ ಮ್ಯಾಲಂತೂ ನೌಕರಿಗೆ ಮುಂಬಯಿಗೆ ಹೋಗೂದು ವಾಡಿಕೀನ ಆತು. ಅಲ್ಲಿಂದ ಹೆದರಿ ಓಡಿ ಬರೂದೂ ಹಂಗಽ ಸುರು ಆತು. 1896ರ ಸಪ್ಟೆಂಬರದಾಗ ಬಂದರಿನ ಹತ್ತರದ ಮಾಂಡವಿಯೊಳಗ ಪ್ಲೇಗು ಕಾಣಿಸಿಕೊಂಡಿತು. ಸುಮಾರು ಎಂಟು ಲಕ್ಷ ಮಂದಿಯ ಊರು ಅದು. ಮುಂದಿನ ವರ್ಷದ ಸುರುವಿನೊಳಗ ಹತ್ತರ ಹತ್ತರ ಅರ್ಧ ಊರು ಖಾಲಿ ಆತಂತ. ಮಂದಿ ತಮ್ಮ ತಮ್ಮ ಊರಿಗೆ ಬಂದ್ರು, ಪ್ಲೇಗೂ ಅವರ ಜೋಡಿ ಗಾಡಿ ಹತ್ತಿತು. 1898ರಾಗ ಹುಬ್ಬಳ್ಳಿ-ಧಾರವಾಡದಾಗ ಅದರ ಹಾವಳಿ. ಹಾಫ್‌ಕಿನ್ ಅನ್ನೋ ವಿಜ್ಞಾನಿ ಮುಂಬಯಿಯೊಳಗ ತಯಾರಿಸಿದ ಪ್ಲೇಗಿನ ಲಸಿಕೆಯನ್ನ ಹುಬ್ಬಳ್ಳಿಯ ಸಾವಿರಾರು ಮಂದಿ ಆಗಽ ಚುಚ್ಚಿಸಿಕೊಂಡ್ರು. ಅದೇ ವರ್ಷ ಪ್ಲೇಗು ಬೆಂಗಳೂರನ್ನೂ ಮುಟ್ಟಿತು. ಅಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣಿ ಜೋರಿನಿಂದ ಬೆಳದದ್ದು ಅದರ ನಂತರಽ. ಮುಂಬಯಿಯೊಳಗ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಗಿ, ಮುಂದ ದಾದರ್, ಮಾಟುಂಗಾದಾಗ ಅಗಲ ರಸ್ತೆಯ ಬಡಾವಣಿ ಎದ್ದವು. ಅಂದ್ರ ಕೆಲವರು ಊರು ಬಿಟ್ಟರು, ಕೆಲವರು ಅದೇ ಊರಾಗ ಗಾಳಿ-ಬೆಳಕು ಇದ್ದ ಕಡೆ ಸರದ್ರು. ಊರು ಬಿಡೂದೊಂದಽ ದಾರಿ ಅಲ್ಲ ಅನ್ನೋದು ಆಗಿನವರಿಗೂ ಗೊತ್ತಿತ್ತು.

ಈಗ ನಮ್ಮ ಅಜ್ಜಿ ಕಥಿ, ನಮ್ಮವ್ವನ ಅವ್ವಂದು. ಅಜ್ಜ ಮುಂಬಯಿಯ ಅಂಚೆ ಖಾತೆದಾಗ ಕಾರಕೂನ. ಅದೇ ಮಾಂಡವಿ ಕಡೆ ಒಂದು ಚಾಳಿನಾಗ ಎರಡು ಖೋಲಿ, ಮೂರು ಮಕ್ಕಳು. 1944ರ ಎಪ್ರಿಲ್ 14, ಸಂಜಿ ನಾಕು ಹೊಡದಿತ್ತು. ವಿಕ್ಟೋರಿಯಾ ಡಾಕ್‌ನಾಗ ನಿಂತಿದ್ದ 'ಫೋರ್ಟ್ ಸ್ಟಿಕಿನ್' ಅನ್ನೋ ಹಡಗ ಸ್ಫೋಟ ಆತು. ಒಳಗ ಯುದ್ಧದ ಮದ್ದು-ಗುಂಡು, ಅದರ ಜೋಡಿ ಅರಳಿ ಅಂಡಿಗಿ, ಬಂಗಾರದ ಗಟ್ಟಿ. ಅರ್ಧ ತಾಸಿನ ಮ್ಯಾಲೆ ಇನ್ನೊಂದು ಸ್ಫೋಟ. ಉರಿಯೂ ಅರಳಿ ಹಾರಿ ಬಂದು ಮನಿ ಮ್ಯಾಲೆ ಬೀಳತಿತ್ತಂತ. ನೂರಾರು ಮಂದಿ ಸತ್ರು, ಸಾವಿರಾರು ಮಂದಿಗೆ ಮನಿ ಇಲ್ಲಧಂಗ ಆತು. ಅಜ್ಜಿ ಒಲಿ ಮ್ಯಾಲಿನ ಸಾರು ಹಂಗಽ ಬಿಟ್ಟು, ಆರು ವರ್ಷದ ನಮ್ಮವ್ವನ್ನ ಬಗಲಾಗ ಎತ್ತಿಕೊಂಡು ಓಡಿದ್ದಳು.

ಒಂದು ವಾರದಾಗ ಅಜ್ಜ ಎಲ್ಲಾರನ್ನೂ ಗಾಡಿ ಹತ್ತಿಸಿದ. ಆಗ ಪುಣೆದಾಗ ಇಳದು ಮೀಟರ್‌ಗೇಜಿನ ಸಣ್ಣ ಗಾಡಿ ಹಿಡೀಬೇಕಾಗ್ತಿತ್ತು. ಅಜ್ಜಿಗೆ ಬೆಳಗಾವಿಯೊಳಗ ಇಳೀಬೇಕಂತ ಆಶಾ, ಅಲ್ಲೇ ತವರು. ಅಜ್ಜ ಆರಿಸಿದ್ದು ಧಾರವಾಡ. ಅಲ್ಲೆ ಅವರ ಅಣ್ಣನ ಮನಿ, ಛಲೋ ಸಾಲಿ, 1917ರಿಂದ ಕರ್ನಾಟಕ ಕಾಲೇಜು. ಅಜ್ಜಿನ್ನ ಯಾರೂ ಕೇಳಲಿಲ್ಲ. ಅಜ್ಜ ಖಾನಾವಳಿಯೊಳಗ ಉಂಡು ಮುಂಬಯಿದಾಗಽ ಇದ್ದ, ರಿಟೈರ್ ಆಗೂ ತನಕಾ ಹದಿನಾಲ್ಕು ವರ್ಷ. ವರ್ಷಕ್ಕ ಎರಡು ಸಲ ಬರ್ತಿದ್ದ. "ಮಕ್ಕಳು ಬದುಕಿದ್ವು, ಕಲ್ತ್ವು, ಖರೆ. ಆದ್ರ ನಾ ಸಂಸಾರ ಮಾಡಿದ್ದು ಮನಿಆರ್ಡರ್ ಜೋಡಿ" ಅಂತ ಅಜ್ಜಿ ಕಡೀ ತನಕಾ ಅಂತಿದ್ಲು.

ಮಕ್ಕಳಿಗೆ ಮಾತ್ರ ಅಷ್ಟು ತ್ರಾಸ ಆಗಲಿಲ್ಲ. ಯಾಕಂದ್ರ ಊರು ಬದಲಾದ್ರೂ ಸರಕಾರ ಬದಲಾಗಿರಲಿಲ್ಲ. ಆಗ ಮ್ಯಾಟ್ರಿಕ್ ಪರೀಕ್ಷಾ ಮುಂಬಯಿ ವಿಶ್ವವಿದ್ಯಾಲಯದ್ದು, ಕರ್ನಾಟಕ ಕಾಲೇಜೂ ಅದಕ್ಕಽ ಸೇರಿತ್ತು. ನಮ್ಮ ಸೋದರಮಾವ ಮುಂಬಯಿಯೊಳಗ ಕಲಿಲಿಕತ್ತಿದ್ದನ್ನ ಧಾರವಾಡದಾಗ ಮುಂದುವರಿಸಿ 1947ರಾಗ ಮ್ಯಾಟ್ರಿಕ್ ಪಾಸಾದ. 1956ರ ನವೆಂಬರ್ 1ಕ್ಕ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕ ಸೇರಿದ್ವು. ಅದು ಆಗಬೇಕಾದದ್ದಽ, ನಮ್ಮ ಹಿರಿಯರು ಅದಕ್ಕಂತ ಹೋರಾಡ್ಯಾರ. ಆದ್ರ ಅವತ್ತಿನಿಂದ ಮುಂಬಯಿ-ಧಾರವಾಡದ ನಡುವ ಒಂದು ಗೆರಿ ಬಿತ್ತು. ಆ ಗೆರಿ ನನ್ನ ಕಾಲಿಗೆ ತೊಡರಿದ್ದು ಐವತ್ತು ವರ್ಷದ ಮ್ಯಾಲೆ.

ನಾ ಧಾರವಾಡದಾಗ ಹುಟ್ಟಿ, ಇಲ್ಲೇ ಪಿಯುಸಿ ಮುಗಿಸಿ, 1990ರಾಗ ಮದಿವ್ಯಾಗಿ ಡೊಂಬಿವಲಿಗೆ ಹೋದೆ. ಒಂದು ಹಾಲ್, ಒಂದು ಅಡಿಗಿಮನಿ. ನಮ್ಮನಿಯವರಿಗೆ ಕುರ್ಲಾದಾಗ ನೌಕರಿ. 2005ರ ಜುಲೈ 26 ನಿಮಗೂ ನೆನಪಿರಬೇಕು. ಸಾಂತಾಕ್ರೂಜಿನಾಗ 24 ತಾಸಿನೊಳಗ 944 ಮಿಲಿಮೀಟರ್ ಮಳಿ. ಧಾರವಾಡದಾಗ ಸಾಧಾರಣ ವರ್ಷ ಪೂರ್ತಿ ಬೀಳೋ ಮಳಿ ಅಷ್ಟಾಗೂದಿಲ್ಲ. ಲೋಕಲ್ ಬಂದ್, ಫೋನ್ ಬಂದ್. ಆ ರಾತ್ರಿ ಮಗಳು ಮತ್ತ ನಾನು ಗ್ಯಾಲರಿಯೊಳಗ ಕೂತು ಬೆಳಗ ಮಾಡಿದ್ವಿ. ಇವರು ರೇಲ್ವೆ ಹಳಿ ಗುಂಟ ನಡಕೋತ ಮಾರನೇ ದಿನ ಸಂಜಿಗೆ ಬಂದ್ರು. ಬೂಟು ಕಳೀಲಿಕ್ಕೆ ಬರಲಾರದಷ್ಟು ಕಾಲು ಬಾತಿದ್ವು. ಅವತ್ತಽ ಈ ಊರು ಬಿಡೂದಂತ ಆತು.

ಎಲ್ಲಿಗೆ? ಒಂದು ಹಾಳಿ ಮ್ಯಾಲೆ ಪುಣೆ, ಬೆಳಗಾವಿ, ಧಾರವಾಡ ಅಂತ ಬರದ್ವಿ. ಪುಣೆಗೆ ಹೋದ್ರ ಮಗಳಿಗೆ ಅದೇ ಬೋರ್ಡು, ಅದೇ ಮರಾಠಿ ಭಾಷಾ. ನಾ ಧಾರವಾಡ ಅಂತ ಹಟ ಹಿಡದೆ. ಗಾಳಿ ಛಲೋ, ಶಿಕ್ಷಣ ಛಲೋ, ಮಗಳಿಗೆ ಛಲೋ ಅಂತ ಎಲ್ಲಾರ ಮುಂದ ಹೇಳಿದೆ. ಖರೆ ಮಾತು ಇಷ್ಟು ವರ್ಷದ ಮ್ಯಾಲೆ ಇಲ್ಲೆ ಬರೀತೀನಿ: ಅವ್ವ ಒಬ್ಬಾಕೀನ ಇದ್ಲು, ಆಕಿ ಮೊಣಕಾಲು ಹೋಗಿದ್ವು, ನನಗ ತವರಿಗೆ ಬರಬೇಕಾಗಿತ್ತು. ನನ್ನ ಆಶಾಕ್ಕ ಮಗಳ ಹೆಸರು ಇಟ್ಟೆ. ಅಜ್ಜಿಗೆ ಕೇಳೋರು ಇರಲಿಲ್ಲ. ನನ್ನ ಮಾತು ಎಲ್ಲಾರೂ ಕೇಳಿದ್ರು, ಆದ್ರ ನಾ ಮಗಳನ್ನ ಕೇಳಲಿಲ್ಲ.

2006ರಾಗ ಬಂದ್ವಿ. ಮಗಳು ಒಂಬತ್ತನೆತ್ತೆ. ಕನ್ನಡ ಮಾತಾಡಲಿಕ್ಕೆ ಬರ್ತಿತ್ತು, ಬರೀಲಿಕ್ಕೆ ಬರ್ತಿರಲಿಲ್ಲ. ಮೊದಲನೇ ಪರೀಕ್ಷಾದಾಗ ಕನ್ನಡಕ್ಕ ನೂರಕ್ಕ ಹನ್ನೊಂದು ಬಿತ್ತು. ಕ್ಲಾಸಿನೊಳಗ ಮಕ್ಕಳು ನಕ್ರು. ಒಂದು ವರ್ಷ ಆಕಿ ನನ್ನ ಜೋಡಿ ನೆಟ್ಟಗ ಮಾತಾಡಲಿಲ್ಲ. ಮುಂದ ಸಿಇಟಿ ಬಂತು. ಸರಕಾರಿ ಸೀಟಿಗೆ ಕರ್ನಾಟಕದಾಗ ಏಳು ವರ್ಷ ಕಲ್ತಿರಬೇಕು ಅನ್ನೋದು ನಿಯಮ. ಆಕಿಗೆ ಅಷ್ಟು ವರ್ಷ ಎಲ್ಲಿ ಆಗಿದ್ವು? ಮಕ್ಕಳು ಪಿಯುಸಿ ಎರಡೂ ವರ್ಷ ಇಲ್ಲೆ ಕಲ್ತು, ತಂದಿ ಅಥವಾ ತಾಯಿ ಏಳು ವರ್ಷ ಕರ್ನಾಟಕದಾಗ ಕಲ್ತಿದ್ರೂ ನಡೀತದ ಅಂತ ಕಡಿಗೆ ತಿಳೀತು. ಅಟ್ಟದ ಮ್ಯಾಲಿನ ಟ್ರಂಕಿನಾಗಿಂದ ನನ್ನ ಸಾಲಿ ಕಾಗದ ತಗದು, ಕಲ್ತ ಸಾಲಿಗೆ ನಾಕು ಸಲ ಅಡ್ಡಾಡಿ ವ್ಯಾಸಂಗದ ದಾಖಲಾ ತಂದೆ. ನನ್ನ ಪಿಯುಸಿ ಯಾವ ನೌಕರಿಗೂ ಬರಲಿಲ್ಲ, ಮಗಳ ಸೀಟಿಗೆ ಬಂತು. ಆ ದಿನ ಆಕಿ ನನ್ನ ಕೈ ಹಿಡದು ಕೂತಿದ್ದು ನಾ ಮರೆಯೂದಿಲ್ಲ.

ನೀರಿನ ಕಥಿಯೂ ಹೇಳಬೇಕಲ್ಲ. ಡೊಂಬಿವಲಿಯೊಳಗ ದಿನಾ ಬರ್ತಿದ್ದ ನೀರು ಧಾರವಾಡದ ನಮ್ಮ ಓಣಿಗೆ ವಾರಕ್ಕೊಮ್ಮೆ, ಅದೂ ನಡುರಾತ್ರಿ. ಮಲಪ್ರಭಾದ ನೀರು ಅಷ್ಟು ದೂರದಿಂದ ಬರಬೇಕು. ಹಂಡೆ, ಕೊಡ, ಬ್ಯಾರಲ್ ತುಂಬಿಸೂದು ಯಾರ ಪಾಲಿಗೆ ಬಂತಂತ ಬ್ಯಾರೆ ಹೇಳಬೇಕಾಗಿಲ್ಲ. 2008ರ ಸುಮಾರಿಗೆ ಕೆಲವು ವಾರ್ಡಿಗೆ 24 ತಾಸಿನ ನೀರು ಬಂತು, ನಮ್ಮ ಓಣಿಗೆ ಬರಲಿಲ್ಲ. ಊರು ಆರಿಸೂಮುಂದ ನಾ ಗಾಳಿ ನೋಡಿದ್ದೆ, ನಳ ನೋಡಿರಲಿಲ್ಲ. ಬಂದದ್ದಕ್ಕ ಪಶ್ಚಾತ್ತಾಪ ಅದನೋ ಅಂದ್ರ ಇಲ್ಲ. ಅವ್ವನ ಕಡೀ ಆರು ವರ್ಷ ನನ್ನ ಕೈಯಾಗ ಹೋದ್ವು. ಇವರಿಗೆ ಪಗಾರ ಕಡಿಮ್ಯಾತು, ಆದ್ರ ಹುಬ್ಬಳ್ಳಿಯಿಂದ ಬಂದು ದಿನಾ ರಾತ್ರಿ ನಮ್ಮ ಜೋಡಿ ಉಂಡ್ರು. ಅಜ್ಜಿಗೆ ಸಿಗಲಾರದ್ದು ನನಗ ಸಿಕ್ಕಿತು.

ಎಂಟು ದಿನದ ಮ್ಯಾಲೆ ಮಗಳಿಗೆ ಫೋನ್ ಹಚ್ಚಿದೆ. "ಹೆದರಿಕಿ ಊರು ಬಿಡಸ್ತದ, ಎಲ್ಲಿಗೆ ಹೋಗಬೇಕಂತ ಹೇಳೂದಿಲ್ಲ. ಕೂಸು ಇನ್ನೂ ಸಣ್ಣದದ, ಹೋಗೂದಿದ್ರ ಈಗಽ ಹೋಗ್ರಿ. ಗಂಡ-ಹೆಂಡತಿ ಇಬ್ಬರಿಗೂ ಕೆಲಸ ಇರೋ ಊರು ನೋಡ್ರಿ, ಒಬ್ಬರು ಅಲ್ಲೆ ಒಬ್ಬರು ಇಲ್ಲೆ ಆಗೂದು ಬ್ಯಾಡ. ಯಾವ ಊರಾದ್ರೂ ಬ್ಯಾಸಗಿಯೊಳಗ ಒಂದು ತಿಂಗಳ ಬಾಡಿಗಿ ಇದ್ದು ನೀರು ಹಿಡದು ನೋಡ್ರಿ. ರಾತ್ರಿ ಕೂಸಿಗೆ ಜ್ವರ ಬಂದ್ರ ಯಾವ ದವಾಖಾನಿಗೆ ಓಡೂದಂತ ಮೊದಲ ವಿಚಾರ ಮಾಡ್ರಿ" ಅಂದೆ.

"ಧಾರವಾಡಕ್ಕ ಬಾ ಅಂತ ಯಾಕ ಅನ್ನವಲ್ಲಿ ಅವ್ವಾ?" ಅಂದ್ಲು.

"ನನಗಂತ ಬರಬ್ಯಾಡ. ನಿನಗ ಬರಬೇಕನ್ನಿಸಿದ್ರ ಬಾ" ಅಂದೆ. ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮ್ಯಾಲೆ ನಕ್ಕೋತ "ಕನ್ನಡಕ್ಕ ಹನ್ನೊಂದು ಮಾರ್ಕ್ಸ್ ನಾ ಇನ್ನೂ ಮರತಿಲ್ಲ" ಅಂದ್ಲು. ಬರೂ ಮೇದಾಗ ಕೂಸಿನ್ನ ಕರಕೊಂಡು ಒಂದು ತಿಂಗಳ ಇಲ್ಲಿರ್ತಾಳ. ಬ್ಯಾರಲ್ ತೊಳದು ಇಡಬೇಕು. ಆಕಿ ಏನು ಆರಿಸಿದ್ಲು ಅಂತ ಮುಂದಿನ ಸಲ ಬರೀತೀನಿ. ನಿಮ್ಮ ನಿಮ್ಮ ಮನಿಯೊಳಗ ಊರು ಆರಿಸಿದವರು ಯಾರು, ಅದರ ಬೆಲೆ ಕೊಟ್ಟವರು ಯಾರು ಅಂತ ನೀವೂ ಒಮ್ಮೆ ನಿಮ್ಮ ಅಜ್ಜಿಗೋಳನ್ನ ಕೇಳ್ರಿ.