ಘಟ್ಟ ಹತ್ತಿ ಇಳಿದವರ ದಾರಿ

ಮೊದಲ ಸಲ ತಾವೇ ಕಾರು ಓಡಿಸಿಕೊಂಡು ಮಲೆನಾಡಿಗೆ ಹೊರಡುವ ಗೆಳೆಯರಿಗೆ ನಾನು ಹೇಳುವ ದಾರಿ ಒಂದೇ: ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಸುಮಾರು 100 ಕಿ.ಮೀ.ಗೆ ಎರಡು ದಿನ ಇಟ್ಟುಕೊಳ್ಳಿ.

ಚಿಕ್ಕಮಗಳೂರಿನಲ್ಲಿ ಬಾಬಾಬುಡನ್‌ಗಿರಿ ಕಾಣುತ್ತದೆ; 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಕಾಫಿ ಬೀಜಗಳು ಅಲ್ಲಿಗೆ ಬಂದವೆಂಬುದು ಐತಿಹ್ಯ. ಮೂಡಿಗೆರೆಯಿಂದ ಸ್ವಲ್ಪ ಬಳಸಿ ಹೋದರೆ ಅಂಗಡಿ, ಅಂದಿನ ಸೊಸೆವೂರು. ಹೊಯ್ಸಳರು ಬೇಲೂರಿಗೆ ಹೋಗುವ ಮುನ್ನ ನೆಲೆಸಿದ್ದ ಊರು ಅದು. ಕಳಸದ ಭೈರರಸರು ಘಟ್ಟದ ಕೆಳಗಿನ ಕಾರ್ಕಳವನ್ನೂ ಆಳಿದರು. ಅಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಅದೇ ವಂಶದವನು.

ಘಟ್ಟದ ಮೇಲಿನವರು, ಕೆಳಗಿನವರು ಎಂದು ನಾವು ಬೇರೆ ಮಾಡಿ ಮಾತಾಡುತ್ತೇವೆ. ಚರಿತ್ರೆಯಲ್ಲಿ ಜನ ಹತ್ತಿ ಇಳಿಯುತ್ತಲೇ ಇದ್ದರು. ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿ ನೋಡಿ: ಒಂದು ದಾರಿ ಕಳಸಕ್ಕೆ, ಇನ್ನೊಂದು ಚಾರ್ಮಾಡಿ ಇಳಿದು ಕರಾವಳಿಗೆ.